ಹಸಿರು ಬಣ್ಣದ ಉಪಕಾಲುವೆ

ಕಾಲುವೆಗಳ ನವೀಕರಣ ನಡೆದಿದ್ದ ವರ್ಷಗಳಲ್ಲಿ ನಾನು ಶಹಾಪುರ, ಸುರಪುರಗಳ ನಡುವಿನ ಒಂದು ಉಪವಿಭಾಗದಲ್ಲಿ ಸಹಾಯಕ ಎಂಜಿನಿಯರ್ ಆಗಿದ್ದೆ. ಎಲ್ಲ ಕಾಮಗಾರಿಗಳನ್ನು ಒಂದೇ ಪರದೆಯಲ್ಲಿ ತೋರಿಸುವ ಸಾಫ್ಟ್‌ವೇರ್ ಆಗ ತಾನೇ ಬಂದಿತ್ತು. ಬಳಸುವುದು ಬಹಳ ಸುಲಭ. ಮುಗಿದ ಕೆಲಸ ಹಸಿರು, ನಡೆಯುತ್ತಿರುವುದು ಹಳದಿ, ನಿಂತದ್ದು ಕೆಂಪು. ಹಸಿರಾದದ್ದನ್ನು ಮುಂದಿನ ವರ್ಷದ ಯೋಜನಾಪಟ್ಟಿಯಿಂದ ಸಾಫ್ಟ್‌ವೇರ್ ತಾನಾಗಿಯೇ ಕೈಬಿಡುತ್ತಿತ್ತು.

ಸೈಟಿನಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ನಾವೆಲ್ಲ ನಮ್ಮ ಪಾಸ್‌ವರ್ಡ್‌ಗಳನ್ನು ಕಚೇರಿಯಲ್ಲೇ ಇರುತ್ತಿದ್ದ ಸಹೋದ್ಯೋಗಿ ಶರಣಪ್ಪನಿಗೆ ಕೊಟ್ಟಿದ್ದೆವು. ಶನಿವಾರ ನಾವು ಕಚೇರಿಗೆ ಬಂದು ಹೇಳಿದ್ದನ್ನು ಅವನು ತುಂಬುತ್ತಿದ್ದ. ಕ್ವಾರ್ಟರ್ಸ್‌ನಲ್ಲಿ ಪಕ್ಕದ ಮನೆಯವನು, ನನ್ನ ಮಗಳಿಗೆ ಕಾಕಾ. "ನೀ ಕಾಲುವಿ ನೋಡ್ಕೋ, ಕಂಪ್ಯೂಟರ್ ನಾ ನೋಡ್ತೀನಿ" ಅಂದಿದ್ದ. ಅಥವಾ ಹಾಗೆ ಕೇಳಿಕೊಂಡವನು ನಾನೇ ಇರಬಹುದು. ಈಗ ಖಚಿತವಾಗಿ ಹೇಳಲಾರೆ.

ಒಂದು ದಿನ ದೇವಕ್ಕಮ್ಮ ಕಚೇರಿಗೆ ಬಂದರು. ಅವರ ಹೊಲ ನಾನು ನೋಡಿಕೊಳ್ಳುತ್ತಿದ್ದ ಒಂದು ಉಪಕಾಲುವೆಯ ಕೊನೆಯಲ್ಲಿತ್ತು. ಸಿಮೆಂಟ್ ಲೈನಿಂಗ್ ಕೆಲಸ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಅದು ಮುಗಿಯದೆ ಅವರಿಗೆ ನೀರಿಲ್ಲ.

"ಯಪ್ಪಾ, ನಮ್ಮ ಕಾಲುವಿ ಮುಂದಿನ ಪಟ್ಟಿಯಾಗ ಇಲ್ಲಂತ ಪಂಚಾಯಿತ್ಯಾಗ ಹೇಳಾಕತ್ತಾರ."

"ಐತವ್ವಾ, ತೋರಸ್ತೀನಿ" ಎಂದು ಪರದೆ ತಿರುಗಿಸಿದೆ. ಹಸಿರಿತ್ತು.

"ಹಸರಂದ್ರೇನ್ರಿ?"

"ಕೆಲಸ ಮುಗದೈತಿ ಅಂತ."

"ನಿಮ್ಮ ಡಬ್ಬಿಯಾಗ ನೀರ್ ಬಂದಾವೇನು? ಹಂಗಾದ್ರ ಭತ್ತ ಅಲ್ಲೇ ಹಚ್ತೀನಿ ತಗೋರಿ."

ಬಣ್ಣ ಬದಲಿಸಿದವರು ಯಾರೆಂಬ ದಾಖಲೆಯಲ್ಲಿ ನನ್ನ ಹೆಸರಿತ್ತು. ಹಿಂದಿನ ತಿಂಗಳ ಪರಿಶೀಲನಾ ಸಭೆಯಲ್ಲಿ ನಮ್ಮ ಉಪವಿಭಾಗ ಪೂರ್ತಿ ಹಸಿರಾಗಿದೆಯೆಂದು ಶರಣಪ್ಪನಿಗೆ ಶಹಬ್ಬಾಸ್‌ಗಿರಿ ಸಿಕ್ಕಿತ್ತು. ನಾನೂ ಚಪ್ಪಾಳೆ ತಟ್ಟಿದ್ದೆ. ನಾನು ಹೇಳಿ ತುಂಬಿಸಿದ್ದ ಹಳದಿ ಕಾಣದಿದ್ದುದು ಅಂದು ನನಗೆ ತಿಳಿಯಲಿಲ್ಲವೇ?

ವಿಷಯವನ್ನು ಮೇಲಕ್ಕೆ ಒಯ್ದಾಗ, ಕಾರ್ಯಪಾಲಕ ಎಂಜಿನಿಯರರ ಮುಂದೆ ಶರಣಪ್ಪ ನನ್ನತ್ತ ನೋಡಲಿಲ್ಲ. "ಎಂಟ್ರಿ ಅವರ ಹೆಸರಿಲೇ ಐತ್ರಿ ಸಾಹೇಬ್ರ. ಅವರನ್ನ ಕೇಳ್ರಿ" ಅಂದ. ಹಿಂದಿನ ಸಂಜೆ ನಮ್ಮ ಮನೆಯಲ್ಲಿ ಚಹಾ ಕುಡಿದು ಹೋಗಿದ್ದ.

ಹಸಿರನ್ನು ತೆಗೆಸಲು ಒಂದೇ ದಾರಿಯಿತ್ತು. ನನ್ನ ಹೆಸರಿನ ನಮೂದು ಸುಳ್ಳು, ಪಾಸ್‌ವರ್ಡ್ ಕೊಟ್ಟವನು ನಾನು ಎಂದು ಬರೆದು ಸಹಿ ಮಾಡಿದೆ. ನನಗೆ ನೋಟಿಸ್ ಬಂತು. ಉಪಕಾಲುವೆ ಪಟ್ಟಿಗೆ ಮರಳಿತು, ಆದರೆ ಒಂದು ಹಂಗಾಮು ತಡವಾಗಿ. ಆ ಹಂಗಾಮಿನಲ್ಲಿ ದೇವಕ್ಕಮ್ಮ ಬೇರೆಯವರ ಗದ್ದೆಯಲ್ಲಿ ಸಸಿ ಹಚ್ಚುತ್ತಿದ್ದರು. ನಮ್ಮ ಜೀಪು ನಿಂತರೂ ತಲೆ ಎತ್ತಲಿಲ್ಲ.

ಶರಣಪ್ಪ ಮಾಡಿದ ದ್ರೋಹವನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದೇನೆ. ದೇವಕ್ಕಮ್ಮನಿಗೆ ಶರಣಪ್ಪ ಯಾರೆಂದೇ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ನಾನು ಮಾತ್ರ.

ನಿವೃತ್ತಿಯವರೆಗೆ ಯಾವ ಕಚೇರಿಗೆ ಹೋದರೂ ಹಸಿರಾದ ಕಾಮಗಾರಿಗಳನ್ನೇ ಮೊದಲು ನಡೆದು ನೋಡಿ ಬರುತ್ತಿದ್ದೆ. ಕೆಂಪು ಬಣ್ಣ ಸುಳ್ಳು ಹೇಳಿದ್ದು ನನಗಂತೂ ನೆನಪಿಲ್ಲ.