ತಂಗಿಯ ಬಾಯಲ್ಲಿ ಉಳಿದ ಮಾತು

ಕಲಿಸಬೇಕಾದ ಕಾಲದಲ್ಲಿ ನಾನು ಕಲಿಸಲಿಲ್ಲ. ನನ್ನ ತಂಗಿ ಬಾಯಿ ಬಿಟ್ಟು ನೀರು ಕೇಳಿದಾಗ, ಚೊಂಬು ಕೈಯಲ್ಲೇ ಇದ್ದರೂ ಕೊಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ ಅಷ್ಟರಲ್ಲಿ ನನಗೆ ಅನುಕೂಲವಾಗುವ ಹಾಗೆ ತಿರುಗಿಸಿಬಿಡುತ್ತೇನೆ. ನನ್ನ ಗುಣ ನನಗೆ ಗೊತ್ತು.

ನಾನು ಈರಮ್ಮ. ನಾರಾಯಣಪೇಟೆಯವಳು. ನಮ್ಮದು ಸೀರೆ ನೇಯುವ ಮನೆ. ಸಾಲೆಯ ಮೆಟ್ಟಿಲು ಹತ್ತಿದ್ದು ಸ್ವಲ್ಪ ಕಾಲ ಮಾತ್ರ. ಆಮೇಲೆ ಕಂಡಿಕೆಗೆ ನೂಲು ಸುತ್ತಲು ಕೂತೆ, ಅದಾದ ಮೇಲೆ ಮಗ್ಗಕ್ಕೆ ಇಳಿದೆ. ಶಾಂತಾ ನನ್ನ ಒಬ್ಬಳೇ ತಂಗಿ. ಅವಳನ್ನು ಗದ್ವಾಲಿಗೆ ಕೊಟ್ಟಿದ್ದೆವು. ಗಂಡ ತೀರಿಕೊಂಡ ಮೇಲೆ ಅವಳು ಹೈದರಾಬಾದಿಗೆ ಹೋಗಿ, ಒಂದು ದೊಡ್ಡ ಮನೆಯಲ್ಲಿ ವಯಸ್ಸಾದ ಅಮ್ಮಾವರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು.

ಆ ಅಮ್ಮಾವರಿಗೆ ಕನ್ನಡ ಬಾರದು, ತೆಲುಗು ಅಷ್ಟಕ್ಕಷ್ಟೆ. ಹಾಗಾಗಿ ಶಾಂತಾ ಇಂಗ್ಲಿಷ್ ಕಲಿತಳು. ಪುಸ್ತಕ ಹಿಡಿದು ಕಲಿತದ್ದಲ್ಲ. ಲೋಟ ಕೊಡುವಾಗ ಒಂದು ಮಾತು, ಕಾಲು ಒತ್ತುವಾಗ ಒಂದು ಮಾತು. ವಾಟರ್. ಹಾಟ್. ಟ್ಯಾಬ್ಲೆಟ್. ಸ್ಲೋಲಿ. ನೋ ಪ್ರಾಬ್ಲಂ. ಹಬ್ಬಕ್ಕೆ ಊರಿಗೆ ಬಂದಾಗಲೂ ಅವು ಅವಳ ಬಾಯಿಂದ ಉದುರುತ್ತಿದ್ದವು. "ದೊರಸಾನಿ ಬಂದ್ಲು, ಹಾದಿ ಬಿಡ್ರಿ" ಎಂದು ನಾನು ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದೆ. ಅವಳು ನಗುತ್ತಿದ್ದಳು. ಅವಳು ನಗಲಿ ಎಂದು ನಾನು ಹೇಳಿದ್ದಲ್ಲ.

ಒಂದು ಮಾತನ್ನಂತೂ ನನಗೆ ಕೇಳಲಾಗುತ್ತಿರಲಿಲ್ಲ. ಒನ್ ಮಿನಿಟ್.

ನಮ್ಮವ್ವ ಸಾಯುವ ದಿನ ಶಾಂತಾಗೆ ಫೋನ್ ಹಚ್ಚಿ ಅವ್ವನ ಕಿವಿಗೆ ಹಿಡಿದಿದ್ದೆ. ಆ ಕಡೆ ಅಮ್ಮಾವರು ಕೂಗಿದ್ದು ನನಗೂ ಕೇಳಿಸಿತು. ಶಾಂತಾ "ಒನ್ ಮಿನಿಟ್" ಎಂದಳು. ಅಮ್ಮಾವರಿಗೆ ಅಂದಳೋ, ಅವ್ವನಿಗೇ ಅಂದಳೋ ಗೊತ್ತಿಲ್ಲ. ಫೋನ್ ಕಟ್ಟಾಯಿತು. ಅವಳು ತಿರುಗಿ ಹಚ್ಚುವಷ್ಟರಲ್ಲಿ ಅವ್ವ ಇರಲಿಲ್ಲ.

ಅವಳು ಮಣ್ಣಿಗೆ ಬಂದಳು, ಅತ್ತಳು, ಹೋದಳು. ನಾನು ಏನೂ ಕೇಳಲಿಲ್ಲ. ಕೇಳದೆ ಉಳಿದದ್ದು ಹೊಟ್ಟೆಯೊಳಗೆ ಹುಳಿಯಾಗುತ್ತಾ ಹೋಯಿತು.

ಈ ಸಲ ಶಿವರಾತ್ರಿಗೆ ಬಂದಿದ್ದಳು. ಬೆಳಿಗ್ಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಮಗ್ಗದಲ್ಲಿದ್ದೆ. ರೊಟ್ಟಿ ಬಡಿಯುವ ಸದ್ದು ನಿಂತಿತು.

"ಯಾಕ? ಕೈ ನೋಯ್ತೇನು ದೊರಸಾನಿಗೆ?" ಎಂದು ಕೂತಲ್ಲಿಂದಲೇ ಕೂಗಿದೆ.

"ಒನ್... ಮಿನಿಟ್" ಎಂದಳು. ಮಾತು ತೊದಲಿತ್ತು. ನನಗೆ ತೊದಲು ಕೇಳಿಸಲಿಲ್ಲ, ಆ ಮಾತಷ್ಟೇ ಕೇಳಿಸಿತು. ಮೈ ಉರಿಯಿತು. ಎಳೆಗಳ ನಡುವೆ ಲಾಳಿಯನ್ನು ಇನ್ನೂ ಜೋರಾಗಿ ಎಸೆದೆ. ಹಂಚಿನ ಮೇಲೆ ರೊಟ್ಟಿ ಕರಕಲಾದ ವಾಸನೆ ಬಂದ ಮೇಲೆ ಎದ್ದೆ.

ಅವಳು ಗೋಡೆಗೆ ಒರಗಿ ಕುಸಿದಿದ್ದಳು. ಬಾಯಿ ಒಂದು ಕಡೆಗೆ ಜಗ್ಗಿತ್ತು. ಬಲಗೈ ಹಿಟ್ಟಿನ ಪರಾತದಲ್ಲಿ ಬೇರೆಯವರ ಕೈಯಂತೆ ಬಿದ್ದಿತ್ತು.

ಮಹಬೂಬ್‌ನಗರದ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿದರು. ಸ್ಟ್ರೋಕ್ ಎಂದರು. ಎಡಗಡೆಯ ಮೆದುಳಿಗೆ ರಕ್ತ ಹೋಗುವುದು ನಿಂತಿದೆ, ಬಲಗಡೆಯ ಕೈಕಾಲಿಗೂ ಮಾತಿಗೂ ಪೆಟ್ಟು ಎಂದರು. ಯಾವಾಗ ಶುರುವಾಯಿತು ಎಂದು ಡಾಕ್ಟರು ಕೇಳಿದರು. ನೋಡಿದ ಕೂಡಲೇ ಕರೆತಂದೆ ಎಂದೆ. ನೋಡಿದ ಕೂಡಲೇ ಎನ್ನುವುದು ಸುಳ್ಳಲ್ಲ. ನೋಡಲು ಏಳಲೇ ಇಲ್ಲ ಎಂಬುದನ್ನು ಹೇಳಲಿಲ್ಲ.

ಕೆಲವು ದಿನ ಅವಳು ಬರೀ ಕಣ್ಣಾಗಿದ್ದಳು. ಆಮೇಲೆ ಒಂದು ಬೆಳಿಗ್ಗೆ ಸಿಸ್ಟರ್ ಲೋಟ ತಂದಾಗ ತುಟಿ ಅಲುಗಿತು.

"ವಾಟರ್."

ವಾರ್ಡಿನವರೆಲ್ಲ ಹಿಗ್ಗಿದರು. ಸಿಸ್ಟರ್ ಅವಳ ಕೆನ್ನೆ ಹಿಂಡಿದಳು. ನಾನು ಮುಂದೆ ಹೋಗಿ, "ಶಾಂತಾ, ನಾನು ಯಾರು ಹೇಳು" ಎಂದೆ. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಏನೋ ಹುಡುಕಿದಳು. ಸಿಗಲಿಲ್ಲ.

"ಥ್ಯಾಂಕ್ಯೂ" ಎಂದಳು.

ಅಕ್ಕ ಎನ್ನಲಿಲ್ಲ.

ಸ್ಪೀಚ್ ಥೆರಪಿಗೆ ರಾಯಚೂರಿಗೆ ಹೋಗಿರಿ, ಅಲ್ಲಿ ಕನ್ನಡದವರಿದ್ದಾರೆ ಎಂದು ಹೇಳಿ ಕಳಿಸಿದರು. ಮಕ್ತಲ್ ಮೇಲೆ ಬಸ್ಸು. ಅಲ್ಲಿಯ ಮೇಡಂ ಲೋಟ, ಬಾಚಣಿಕೆ, ಬೀಗದ ಕೈ ಎಲ್ಲ ಶಾಂತಾಳ ಮುಂದಿಟ್ಟು ನೋಡಿದರು. ಕನ್ನಡ ಒಂದೂ ಬರಲಿಲ್ಲ. ತೆಲುಗು ಬರಲಿಲ್ಲ. ಇಂಗ್ಲಿಷಿನ ಬೆರಳೆಣಿಕೆಯ ಮಾತು ಬಂದವು.

"ತಾಯಿ ಭಾಷಾನ ಹೋತಲ್ರಿ! ಎರವಲು ಭಾಷಾ ಉಳೀತೇನು?" ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು.

"ಹೋಗಿಲ್ರಿ ಈರಮ್ಮಾರ, ಒಳಗ ಐತಿ. ದಾರಿ ಸಿಗವಲ್ದು. ಒಬ್ಬೊಬ್ಬರಿಗೆ ಹಿಂಗಾಗ್ತೈತಿ. ದಿನಾ ಇಂಗ್ಲಿಷ್ ಮಾತಾಡಿ ಮಾತಾಡಿ ನಾಲಿಗಿಗೆ ರೂಢಿ ಆಗಿರ್ತೈತಿ" ಎಂದರು ಮೇಡಂ. "ಯಾವ ಮಾತು ಬರ್ತೈತೋ ಅದನ್ನ ಹಿಡೀರಿ. ವಾಟರ್ ಅಂದ್ರ ಮೊದಲು ನೀರು ಕೊಡ್ರಿ. ಕೊಡ್ತಾ ನೀವು 'ನೀರು' ಅನ್ರಿ. ಮುಂಜಾನಿ ಸಂಜಿ ಮನಿಯಾಗಿನ ಸಾಮಾನು ಇಟ್ಕೊಂಡು ಕೂಡ್ರಿ. ಬೈಯಾಕ ಹೋಗಬ್ಯಾಡ್ರಿ, ಸುಮ್ಮನಾಗಿಬಿಡ್ತಾರ. ಮೊದಲಿನ ತಿಂಗಳುಗಳು ಭಾಳ ಮುಖ್ಯ. ಆಮ್ಯಾಲೆ ಎಷ್ಟು ಗುದ್ದಾಡಿದ್ರೂ ಇಷ್ಟು ಬರೂದಿಲ್ಲ."

ಹೂಂ ಎಂದೆ.

ಮಾಡಲಿಲ್ಲ.

ಮಗ್ಗದ ಕೆಲಸ ಒಂದು ನೆಪ. ಇಂಗ್ಲಿಷ್ ಬಾರದು ಎಂಬುದು ಇನ್ನೊಂದು ನೆಪ. ನಿಜ ಏನೆಂದರೆ, ಆ ಮಾತುಗಳು ನನ್ನ ಮನೆಯಲ್ಲಿ ಬೆಳೆಯುವುದು ನನಗೆ ಬೇಡವಾಗಿತ್ತು. ಅಮ್ಮಾವರಿಗೆ ಉಣಿಸಿದ ಮಾತು, ಅಮ್ಮಾವರ ಕಾಲು ಒತ್ತಿದ ಮಾತು. ಅವ್ವನಿಗೆ ಸಿಗದ ಹೊತ್ತೆಲ್ಲ ಆ ಮಾತುಗಳಲ್ಲೇ ಕರಗಿತ್ತು. ಅಂಥವುಗಳಿಗೆ ನಾನೇ ನೀರೆರೆಯಬೇಕೇ?

ಸಾಲದ್ದಕ್ಕೆ ಪಕ್ಕದ ಮನೆಯ ಬಸಮ್ಮ. ಕಟ್ಟೆಯ ಮೇಲೆ ಕೂತು, "ಏನವಾ ಈರವ್ವಾ, ನಿಮ್ಮ ತಂಗಿ ಬಿದ್ದ ಮ್ಯಾಲೂ ಇಂಗ್ಲಿಷಿನ್ಯಾಗ ನೀರು ಕೇಳ್ತಾಳಂತ? ಲಕ್ವಾ ಹೊಡದದ್ದು ಕನ್ನಡಕ್ಕಷ್ಟ ಏನು?" ಎಂದಳು. ನಾಲ್ಕು ಜನ ನಕ್ಕರು. ಮೊದಲು ದೊರಸಾನಿ ಎಂದು ಓಣಿಗೆ ಕಲಿಸಿದವಳು ನಾನೇ. ಈಗ ಆ ನಗೆ ನನ್ನ ಹೊಸ್ತಿಲು ದಾಟಿ ಬಂದಿತ್ತು.

ನಮ್ಮ ಅವ್ವ ಮಾತು ಬಾರದ ಮಕ್ಕಳಿಗೆ ಕಲಿಸುವ ರೀತಿ ಒಂದಿತ್ತು. ನಾಲಿಗೆಗೆ ಬಜೆ ಬೇರು ತೇಯ್ದು ಹಚ್ಚುತ್ತಿದ್ದಳು. ಆಮೇಲೆ ಮಗು ಕೈ ಚಾಚಿದ ವಸ್ತುವನ್ನು ಎತ್ತಿ ಹಿಡಿದು, "ಏನದು? ಹೇಳು, ಕೊಡ್ತೀನಿ" ಎಂದು ಆಟ ಆಡಿಸುತ್ತಿದ್ದಳು. ಮಗು ಏನೋ ಒಂದು ಸದ್ದು ಮಾಡಿದರೂ ಸಾಕು, ಮುದ್ದಾಡಿ ಕೊಟ್ಟುಬಿಡುತ್ತಿದ್ದಳು. ನಾನೂ ಶಾಂತಾಳೂ ಮಾತು ಕಲಿತದ್ದು ಹಾಗೆಯೇ.

ನಾನು ಅದನ್ನೇ ಮಾಡಿದೆ. ಮುದ್ದನ್ನು ಬಿಟ್ಟು.

"ವಾಟರ್" ಎನ್ನುತ್ತಿದ್ದಳು.

"ನೀರು ಅನ್ನು."

"ವಾಟರ್... ಪ್ಲೀಸ್."

"ಯಾವ ಪ್ಲೀಸೂ ಇಲ್ಲ. ನಮ್ಮವ್ವ ಕಲಿಸಿದ ಮಾತು ಅನ್ನು. ನೀ...ರು."

ಅವಳ ತುಟಿ ಒದ್ದಾಡುತ್ತಿತ್ತು. ಹಣೆಯಲ್ಲಿ ಬೆವರು ಬರುತ್ತಿತ್ತು. ಕೊನೆಗೆ ಗಾಬರಿಯಾಗಿ "ಒನ್ ಮಿನಿಟ್, ಒನ್ ಮಿನಿಟ್" ಎನ್ನುತ್ತಿದ್ದಳು. ಆ ಮಾತು ಬಂದರೆ ನಾನು ಚೊಂಬನ್ನು ಗೂಡಿನಲ್ಲಿಟ್ಟು ಮಗ್ಗಕ್ಕೆ ಹೋಗಿಬಿಡುತ್ತಿದ್ದೆ. ಬಾಯಾರಿದರೆ ತಾನೇ ಬರುತ್ತದೆ ಎಂದುಕೊಳ್ಳುತ್ತಿದ್ದೆ. ಸಾಕಷ್ಟು ಹೊತ್ತಾದ ಮೇಲೆ ಕೊಡುತ್ತಿದ್ದೆ, ಒಂದು ಮಾತೂ ಆಡದೆ.

ಕನ್ನಡ ಬರಲಿಲ್ಲ. ಇದ್ದ ಇಂಗ್ಲಿಷ್ ಹೋಯಿತು. ಹೋಯಿತೆನ್ನುವುದೂ ತಪ್ಪು. ಅವಳು ಅದನ್ನು ನನ್ನಿಂದ ಬಚ್ಚಿಟ್ಟಳು. ಬೆರಳು ತೋರಿಸುವುದು, ಸೆರಗು ಜಗ್ಗುವುದು, ಅಷ್ಟೆ. ಮನೆ ಶಾಂತವಾಯಿತು. ನನಗೆ ಗೆದ್ದೆ ಎನಿಸಿತು.

ರಾಯಚೂರಿನಲ್ಲಿ ಮೇಡಂ ಕೇಳಿದರೆ "ದಿನಾ ಮಾಡಿಸ್ತೀನ್ರಿ" ಎಂದೆ. ಅವರು ಶಾಂತಾಳ ಮುಂದೆ ಲೋಟ ಹಿಡಿದರು. ಶಾಂತಾ ಲೋಟವನ್ನು ನೋಡಲಿಲ್ಲ. ನನ್ನ ಮುಖ ನೋಡಿದಳು. ಮೇಡಂ ಅದನ್ನು ಗಮನಿಸಿದರು.

ಬಿಸಿಲು ಏರುತ್ತಿದ್ದ ಕಾಲ. ಆ ದಿನ ಸೀರೆ ಮುಗಿಸಬೇಕಾಗಿತ್ತು. ಶಾಂತಾಳನ್ನು ಬೇಗ ಮೀಯಿಸಿ ಕೂರಿಸೋಣವೆಂದು ಬಚ್ಚಲಿಗೆ ಕರೆದೊಯ್ದೆ. ಹಂಡೆಯ ನೀರು ಕುದಿಯುತ್ತಿತ್ತು. ಬಕೆಟ್ಟಿಗೆ ಬಿಸಿನೀರು ತೋಡಿದೆ. ತಣ್ಣೀರು ಬೆರೆಸುವುದನ್ನು ಮರೆತೆ. ಮರೆತೆ ಎಂದು ಹೇಳುತ್ತೇನೆ. ಸಿಟ್ಟಿನಲ್ಲಿ ಕೆಲಸ ಮಾಡುವವಳಿಗೆ ಎದುರಿಗಿರುವ ಮೈ ಕಾಣುವುದಿಲ್ಲ.

ಚೊಂಬು ತುಂಬಿ ಬಲತೊಡೆಯ ಮೇಲೆ ಸುರಿದೆ. ಆ ಕಡೆ ಅವಳಿಗೆ ಸ್ಪರ್ಶವಿಲ್ಲ. ಹನಿಗಳು ಎಡಗಾಲಿಗೆ ಸಿಡಿದವು. ಅವಳು ಬೆಚ್ಚಿದಳು.

"ಹಾ..." ಎಂದು ಶುರುಮಾಡಿದಳು.

"ಏನು ಹಾ? ನೆಟ್ಟಗ ಅನ್ನು!"

ನನ್ನ ಮುಖ ನೋಡಿದಳು. ತುಟಿ ಕಚ್ಚಿಕೊಂಡಳು. ನುಂಗಿದಳು.

ನಾನು ಇನ್ನೊಂದು ಚೊಂಬು ಸುರಿದೆ.

ಮೈ ಒರೆಸುವಾಗ ತೊಡೆಯ ಚರ್ಮ ಟವೆಲಿಗೆ ಅಂಟಿ ಎದ್ದು ಬಂತು.

ಹಾಟ್ ಎಂಬ ಮಾತು ಅವಳಿಗೆ ಬರುತ್ತಿತ್ತು. ಹೈದರಾಬಾದಿನಲ್ಲಿ ಅಮ್ಮಾವರಿಗೆ ಟೀ ಕೊಡುವಾಗ ದಿನವೂ ಹೇಳಿದ ಮಾತು ಅದು. ಆ ಮುದುಕಿಯ ನಾಲಿಗೆಯನ್ನು ಸುಡದ ಹಾಗೆ ಕಾಯ್ದ ಮಾತು. ಅದೇ ಮಾತನ್ನು ನನ್ನ ಬಚ್ಚಲಿನಲ್ಲಿ ಆಡಲು ಹೆದರಿ ಅವಳು ಸುಟ್ಟುಕೊಂಡಳು.

ದವಾಖಾನೆಯಲ್ಲಿ ಸಿಸ್ಟರ್ ಬೊಬ್ಬೆಗಳನ್ನು ತೊಳೆದು ಮುಲಾಮು ಹಚ್ಚುವಾಗ ಅಂಚಿನ ಗಾಯಗಳು ಉರಿದಿರಬೇಕು. ಸಿಸ್ಟರ್ "ಅಯ್ಯೋ ಪಾಪಂ, ಇನ್ನ ಸ್ವಲ್ಪ ತಡಕೋರಿ" ಎಂದಳು. ಶಾಂತಾ ಎಡಗೈಯಿಂದ ಅವಳ ಮೊಣಕೈ ಮುಟ್ಟಿ, ಮೆಲ್ಲಗೆ ಹೇಳಿದಳು.

"ನೋ ಪ್ರಾಬ್ಲಂ. ನೋ ಪ್ರಾಬ್ಲಂ."

ಎಷ್ಟೋ ವಾರಗಳಿಂದ ನಾನು ಕೇಳದಿದ್ದ ದನಿ. ಅದು ಸತ್ತಿರಲಿಲ್ಲ. ನನ್ನ ಹೊರತು ಎಲ್ಲರಿಗೂ ಅದು ಇತ್ತು.

ಮರುದಿನ ಮಗ್ಗಕ್ಕೆ ಇಳಿಯಲಿಲ್ಲ. ಚೊಂಬು ತಂದು ನನ್ನ ಮುಂದಿಟ್ಟುಕೊಂಡೆ. "ಶಾಂತಾ, ನನಗ ಬರೂದಿಲ್ಲ. ಇದಕ್ಕ ಏನಂತಾರ? ನೀನ ಹೇಳಿಕೊಡು" ಎಂದೆ. ಅವಳು ನಂಬಲಿಲ್ಲ. ಗೋಡೆಯ ಕಡೆ ತಿರುಗಿದಳು. ಅದರ ಮರುದಿನವೂ ಅಷ್ಟೇ. ನಾನು ನೀರು ಕುಡಿಸುತ್ತಾ ನಾನೇ ಅಂದೆ: "ವಾಟ್ರು. ನೀರು." ಊಟ ಕೊಡುತ್ತಾ ಅಂದೆ: "ರೈಸು. ಅನ್ನ." ಉಪ್ಪು ತೋರಿಸಿ ನನಗೆ ಗೊತ್ತಿಲ್ಲದೆ ನಿಂತೆ.

"ಸಾಲ್ಟ್" ಎಂದಳು ಗೋಡೆಗೆ.

"ಸ್ವಾಲ್ಟು" ಎಂದೆ ನಾನು.

ಅವಳ ಭುಜ ಅಲುಗಿತು. ನಗುತ್ತಿದ್ದಳು. ಆ ಸೊಟ್ಟ ಬಾಯಲ್ಲಿ ನನ್ನನ್ನು ನೋಡಿ ನಗುತ್ತಿದ್ದಳು. ನಗಲಿ. ಅವಳಿಗೆ ಅಷ್ಟು ಬಾಕಿಯಿತ್ತು.

ಹೀಗೆ ನಾವಿಬ್ಬರೂ ಕಲಿಯಲು ಕೂರುತ್ತಿದ್ದೇವೆ. ಅವಳ ಮಾತು ಮೊದಲು, ನನ್ನ ಮಾತು ಅದರ ಹಿಂದೆ. ಡೋರ್, ಬಾಗಿಲು. ಪೇನ್, ನೋವು. ಎನಫ್, ಸಾಕು. ಕಮ್ ಹಿಯರ್, ಇಲ್ಲಿ ಬಾ. ಕಟ್ಟೆಯಿಂದ ಬಸಮ್ಮ ಇಣುಕಿ, "ಈಗ ಇಬ್ಬರು ದೊರಸಾನೇರು!" ಎಂದಳು. "ಹೌದವಾ, ನೀನೂ ಬಾ, ನಿನಗೂ ಕಲಿಸ್ತಾಳ. ಮೊದಲು ಬಾಯಿ ಮುಚ್ಚೂದು ಕಲಿಸ್ತಾಳ" ಎಂದೆ.

ಒಂದು ದಿನ ಅವಳನ್ನು ಮಗ್ಗದ ಹತ್ತಿರ ಕೂರಿಸಿಕೊಂಡು ಲಾಳಿ ಎತ್ತಿ ಹಿಡಿದೆ. ಶಾಂತಾ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಅಮ್ಮಾವರ ಮನೆಯಲ್ಲಿ ಮಗ್ಗವಿರಲಿಲ್ಲ. ಅದಕ್ಕೆ ಅವಳ ಹತ್ತಿರ ಇಂಗ್ಲಿಷ್ ಇರಲಿಲ್ಲ. ಹೋಗಲಿ ಬಿಡು ಎಂದು ಕೆಳಗಿಡುತ್ತಿದ್ದೆ.

"ಲಾ... ಳಿ."

ನಾನು ಕಿರುಚಿದೆ. ಅವಳ ಮುಖ ಹಿಡಿದು ಮುತ್ತು ಕೊಟ್ಟೆ. ಅವ್ವ ಕೊಡುತ್ತಿದ್ದ ಹಾಗೆ.

ಆಮೇಲೆ ಬಂದ ಕನ್ನಡದ ಮಾತುಗಳು ಕಡಿಮೆ. ಅಕ್ಕ ಎಂಬುದು ಇನ್ನೂ ಬಂದಿಲ್ಲ. ಬರದೆಯೂ ಇರಬಹುದು ಎಂದು ಮೇಡಂ ಹೇಳಿದ್ದಾರೆ. ಮೊದಲಿನ ತಿಂಗಳುಗಳನ್ನು ನಾನು ತಿಂದುಹಾಕಿದೆ, ಅವು ತಿರುಗಿ ಬರುವುದಿಲ್ಲ. ತೊಡೆಯ ಗಾಯ ಮಾಗಿದೆ, ಕಲೆ ಹೋಗುವುದಿಲ್ಲ. ಆದರೂ ಬೆಳಿಗ್ಗೆ ಎದ್ದರೆ ಮನೆಯಲ್ಲಿ ಒಂದು ದನಿ ಕೇಳಿಸುತ್ತದೆ. ಯಾವ ಭಾಷೆಯದಾದರೂ ಆಗಲಿ ಎಂದು ಎದ್ದು ಕೂರುತ್ತೇನೆ.

ಕಳೆದ ಸಲ ರಾಯಚೂರಿಗೆ ಹೋದಾಗ ಮೇಡಂಗೆ ಎಲ್ಲ ಹೇಳಿದೆ. ಚೊಂಬು, ಬಚ್ಚಲು, ಸುಳ್ಳು. ಅವರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ನನಗ ಹೇಳಿದ್ರಿ. ಅವರಿಗೆ ಹೇಳೀರೇನು?"

"ಆಕಿಗೆ ತಿಳಿಯೂದಿಲ್ಲಲ್ರಿ."

"ಎಲ್ಲಾ ತಿಳೀತೈತ್ರಿ. ನೀವು ಬೈದದ್ದೂ ತಿಳಿದೈತಿ."

ಬಸ್ಸು ಕೃಷ್ಣೆ ದಾಟಿ ಮಕ್ತಲಿನಲ್ಲಿ ನಿಂತಿತು. ಸೌತೆಕಾಯಿ ಮಾರುವವರು ಕಿಟಕಿಗೆ ಬುಟ್ಟಿ ಒಡ್ಡುತ್ತಿದ್ದರು. "ವಾಟರ್" ಎಂದಳು ಶಾಂತಾ. ಬಾಟಲಿ ಕೊಟ್ಟೆ. "ನೀರು" ಎಂದೆ. ನಮ್ಮಲ್ಲಿ ದೊಡ್ಡವರು ಚಿಕ್ಕವರ ಮುಂದೆ ತಪ್ಪಾಯಿತು ಎನ್ನುವ ಪದ್ಧತಿ ಇಲ್ಲ. ಕಾಲು ತಗುಲಿದರೂ ಚಿಕ್ಕವರೇ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ನಾನು ಅವಳ ಸುಟ್ಟ ತೊಡೆಯ ಮೇಲೆ ಸೀರೆಯ ಮೇಲಿಂದಲೇ ಕೈಯಿಟ್ಟು ಕಣ್ಣಿಗೊತ್ತಿಕೊಂಡೆ. ಹಿಂದಿನ ಸೀಟಿನ ಹೆಂಗಸು ಬಗ್ಗಿ ನೋಡಿದಳು.

"ಶಾಂತಾ..." ಎಂದೆ.

ಅವಳು ಎಡಗೈ ಎತ್ತಿದಳು. "ಒನ್ ಮಿನಿಟ್."

ಕಾದೆ.

ಅವಳು ಗುಟುಕು ನುಂಗಿದಳು. ಬಾಟಲಿಯನ್ನು ಮೊಣಕಾಲ ಸಂದಿಯಲ್ಲಿ ಹಿಡಿದು ಒಂದೇ ಕೈಯಲ್ಲಿ ಮುಚ್ಚಳ ತಿರುಗಿಸಿದಳು. ನಾನು ಸಹಾಯಕ್ಕೆ ಹೋಗಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಪೂರ್ತಿ ನನ್ನ ಕಡೆ ತಿರುಗಿ, ಈಗ ಹೇಳು ಎನ್ನುವಂತೆ ನೋಡಿದಳು.

ಅವಳಿಗೆ ಬರುವ ಮಾತು ಮೊದಲು, ನನ್ನದು ಅದರ ಹಿಂದೆ.

"ಸಾರಿ, ಶಾಂತಾ" ಎಂದೆ, ಇಡೀ ಬಸ್ಸಿಗೆ ಕೇಳುವಷ್ಟು ಗಟ್ಟಿಯಾಗಿ. "ನೀರು ಕೇಳಿದ್ರ ಕೊಡಲಿಲ್ಲ ನಾನು. ನಿನ್ನ ಬಾಯಿ ಕಟ್ಟಿದೆ. ಮೈ ಸುಟ್ಟೆ. ತಪ್ಪಾತವಾ. ನಂದು ತಪ್ಪಾತು."