ಅತ್ತೆ ಸೇರಿಸಿದ ನಾಲ್ಕು ಬೆರಳು

ಅಬ್ಬಾ, ಬಚಾವಾದೆ ಗೆಳತಿಯರೇ! ಇಂದು ಜಯನಗರದ ಮಹಿಳಾ ಸಮಾಜದಲ್ಲಿ ದಿನವಿಡೀ ಹೆಣಿಗೆ ಶಿಬಿರ. ನಾನು ಹೊಸಬರ ಸಾಲಿನಲ್ಲಿ, ನಮ್ಮತ್ತೆ ಪಳಗಿದವರ ಸಾಲಿನಲ್ಲಿ. ಕಾಫಿ ಕುಡಿದು ಬರುವಷ್ಟರಲ್ಲಿ ನನ್ನ ಸ್ವೆಟರು ನಾಲ್ಕು ಬೆರಳು ಬೆಳೆದಿತ್ತು.

"ನೀನು ಹೆಣೆದಿದ್ದು ನೋಡಕ್ಕಾಗ್ಲಿಲ್ಲ ಕಣೇ. ನಾನೇ ಒಂಚೂರು ಹಾಕ್ದೆ" ಎಂದರು ಅತ್ತೆ.

ಸಂಜೆ ಟೀಚರು ಎಲ್ಲರೆದುರು ನನ್ನ ಸ್ವೆಟರು ಎತ್ತಿ ಹಿಡಿದರು.

"ಕೆಳಗಡೆ ಚೆನ್ನಾಗೇ ಇದೆಯಮ್ಮ. ಮೇಲಿನ ನಾಲ್ಕು ಬೆರಳು ಮಾತ್ರ ತುಂಬಾ ಬಿಗಿ, ಬಿಚ್ಚಿಬಿಡಿ."

ಅತ್ತೆ ಕಿಟಕಿ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ, ನಗು ನುಂಗಿಕೊಂಡು ಬಿಚ್ಚಿದೆ.

ಡಬಲ್ ಡೆಕರ್ ಬಸ್ಸಿನಲ್ಲಿ ಕೂತ ಮೇಲೆ ಅತ್ತೆ, "ಆ ಟೀಚರಿಗೆ ಹೆಣಿಗೇನೇ ಬರಲ್ಲ" ಎಂದರು.

ಮದುವೆಯಾದ ಮೇಲೆ ಮೊದಲ ಸಲ ಮನಸಾರೆ "ಹೌದತ್ತೆ" ಎಂದೆ.