ಗೌರಿ ಹತ್ತನೇ ಕ್ಲಾಸು ದಾಟಿದ್ದು

ನಾರಾಯಣಪೇಟೆಯ ವೀರಬಸಮ್ಮ ಇಪ್ಪತ್ತನಾಲ್ಕು ಕಾದಂಬರಿ ಬರೆದಿದ್ದಾಳೆ ಎಂದರೆ ಅವಳ ಓಣಿಯವರೇ ನಂಬುವುದಿಲ್ಲ. ನಂಬುವುದಾದರೂ ಹೇಗೆ? ಅವರ ಕಣ್ಣಿಗೆ ಬೀಳುವವಳು ಮಗ್ಗದ ಮುಂದೆ ಕೂತ ವೀರಬಸಮ್ಮ, ಇಲ್ಲವೇ ನಲ್ಲಿಯ ಹತ್ತಿರ ಕೊಡ ಹಿಡಿದು ಜಗಳಕ್ಕೆ ನಿಂತ ವೀರಬಸಮ್ಮ. ಬರೆಯುವ ವೀರಬಸಮ್ಮನನ್ನು ನೋಡಬೇಕಾದರೆ ಮಧ್ಯಾಹ್ನ ಹೋಗಬೇಕು. ಊಟವಾದ ಮೇಲೆ ಗಂಡ ಭೀಮಣ್ಣ ಮಗ್ಗದ ಪಕ್ಕದಲ್ಲೇ ಟವೆಲ್ ಹಾಸಿಕೊಂಡು ಗೊರಕೆ ಶುರು ಮಾಡುತ್ತಾನೆ. ಆಗ ಇವಳು ನೂಲಿನ ಬುಟ್ಟಿ ಸರಿಸಿ, ಕಾಲು ಚಾಚಿ ಬರೆಯಲು ಕೂಡುತ್ತಾಳೆ. ಗೊರಕೆ ನಿಂತಿತೋ, ಪೆನ್ನೂ ನಿಂತಿತು. ಗಂಡನಿಗೆ ಚಹಾ ಬೇಕಲ್ಲ.

ಬರೆದದ್ದೆಲ್ಲ ಹೈಸ್ಕೂಲು ಮಕ್ಕಳಿಗೆ. ತೆಲಂಗಾಣದ ಈ ಅಂಚಿನಲ್ಲೂ ಕನ್ನಡ ಓದುವ ಮಕ್ಕಳಿದ್ದಾರೆ. ರಾಯಚೂರಿನ ಪ್ರಕಾಶಕರೊಬ್ಬರು ಅಚ್ಚು ಹಾಕಿಸಿ ಕಳಿಸುವ ಪುಸ್ತಕಗಳು ಮಕ್ತಲ್, ಗದ್ವಾಲದ ಹಾಸ್ಟೆಲ್ಲುಗಳಲ್ಲಿ ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತುಬರುತ್ತವೆ. ಎಲ್ಲದರಲ್ಲೂ ಗೌರಿಯೇ ನಾಯಕಿ. ಮಹಾ ಬಾಯಿಬಡುಕಿ, ಸೈಕಲ್ ಹತ್ತಿದರೆ ಬ್ರೇಕ್ ಹಿಡಿಯದವಳು. ಒಂದು ಕಥೆಯಲ್ಲಿ ಶಾಲೆಯ ಗಂಟೆ ಕದ್ದವನನ್ನು ಹಿಡಿಯುತ್ತಾಳೆ. ಇನ್ನೊಂದರಲ್ಲಿ ಹೆಡ್ಮಾಸ್ತರರ ಮೇಲೆ ಮುನಿಸಿಕೊಂಡು ಕುರಿಮಂದೆಯ ಜೊತೆ ಕೃಷ್ಣಾ ಹೊಳೆ ದಾಟುತ್ತಾಳೆ.

ನಾರಾಯಣಪೇಟೆಯ ಮಗ್ಗಕ್ಕೆ ಒಂದೇ ಸೀರೆಯ ನೂಲು ಏರಿಸುವ ಪದ್ಧತಿಯಿಲ್ಲ. ಎಂಟು ಸೀರೆಗೆ ಆಗುವಷ್ಟು ಉದ್ದದ ಹಾಸು ಒಮ್ಮೆಗೇ ಏರಿಸುತ್ತಾರೆ, ಒಂದಾದ ಮೇಲೊಂದು ಸೀರೆ ನೇಯ್ದು ಇಳಿಸುತ್ತಾರೆ. ವೀರಬಸಮ್ಮನಿಗೆ ಕಥೆ ಕಟ್ಟುವ ಬೇರೆ ದಾರಿ ಗೊತ್ತಿಲ್ಲ. ಗೌರಿಯ ಒಂಬತ್ತನೇ ಕ್ಲಾಸಿನಿಂದ ಹತ್ತನೆಯ ಪರೀಕ್ಷೆಯ ತನಕ ಒಂದು ಹಾಸು. ಅದರಲ್ಲಿ ಎಂಟು ಕಾದಂಬರಿ. ಎಂಟನೆಯದರ ಕೊನೆಗೆ ಗೌರಿ ಪರೀಕ್ಷೆ ಬರೆದು ಶಾಲೆಯ ಬಾಗಿಲಲ್ಲಿ ನಿಲ್ಲುತ್ತಾಳೆ. ಆಮೇಲೆ ಹೊಸ ಹಾಸು, ಗೌರಿ ಮತ್ತೆ ಒಂಬತ್ತಕ್ಕೆ! ಹೀಗೆ ಮೂರು ಹಾಸು ಇಳಿದು, ನಾಲ್ಕನೆಯದಕ್ಕೆ ಪ್ರಕಾಶಕರು ಫೋನ್ ಮೇಲೆ ಫೋನ್ ಮಾಡುತ್ತಿದ್ದ ಹೊತ್ತಿಗೆ ಮಕ್ತಲ್‌ನಿಂದ ತಂಗಿಯ ಮಗಳು ಕಾವ್ಯ ಬಂದಳು. ಹತ್ತನೇ ಕ್ಲಾಸು ಪಾಸಾದ ಖುಷಿಗೆ ಪೇಡೆ ತಂದಿದ್ದಳು, ಜೊತೆಗೊಂದು ತಕರಾರನ್ನೂ ತಂದಿದ್ದಳು.

"ದೊಡ್ಡಮ್ಮ, ಈ ಸಲಾನೂ ಗೌರಿ ಒಂಬತ್ತನೇ ಕ್ಲಾಸಿಗೇ ಹೋಗ್ತಾಳೇನು?"

"ಹೂಂ ಮತ್ತ. ಹೊಸಾ ಹಾಸು ಅಲ್ಲೇನು."

"ನಾ ಮೊದಲ ಓದಿದಾಗ ಆಕಿ ನನಗ ಅಕ್ಕ ಇದ್ಲು. ಆಮ್ಯಾಲ ಗೆಳತಿ ಆದ್ಲು. ಇನ್ನ ನಾ ಕಾಲೇಜಿಗೆ ಹೋದ್ರ ಆಕಿ ನನಗ ತಂಗಿ ಆಗ್ತಾಳ. ಹಾಸ್ಟೆಲ್ ಹುಡುಗ್ಯಾರು ಹೇಳಿ ಕಳಿಸ್ಯಾರ, ಗೌರಿ ಕಾಲೇಜಿಗೆ ಹೋಗಲಿಲ್ಲಂದ್ರ ನಾವು ಓದಂಗಿಲ್ಲ ಅಂತ."

ವೀರಬಸಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಓದಬ್ಯಾಡ್ರಿ, ಬಿಡ್ರಿ" ಎಂದು ಪೇಡೆಯ ಡಬ್ಬಿ ಮುಚ್ಚಿದಳು. ಸಿಟ್ಟು ಹುಡುಗಿಯ ಮೇಲಲ್ಲ ಎಂಬುದು ಅವಳಿಗೇ ಗೊತ್ತಿತ್ತು. ಅವಳೂ ಹತ್ತನೇ ಕ್ಲಾಸು ಫಸ್ಟ್ ಕ್ಲಾಸಿನಲ್ಲಿ ಪಾಸಾದವಳೇ. ರಿಸಲ್ಟು ಬಂದ ತಿಂಗಳೇ ಮದುವೆಯಾಗಿ ಈ ಮಗ್ಗದ ಮುಂದೆ ಬಂದು ಕೂತಿದ್ದಳು. ಗಂಡ ಒಳ್ಳೆಯವನು, ಬದುಕಿಗೆ ಕೊರತೆಯಿಲ್ಲ, ಆದರೂ ಕಾಲೇಜಿನ ಗೇಟು ಎದುರಾದಾಗಲೆಲ್ಲ ಅವಳು ಮುಖ ಆ ಕಡೆ ತಿರುಗಿಸಿಕೊಂಡೇ ನಡೆದಿದ್ದಾಳೆ. ಒಳಗೆ ಏನಿರುತ್ತದೋ ಗೊತ್ತಿಲ್ಲ. ಕಣ್ಣಾರೆ ಕಾಣದ್ದನ್ನು ಬರೆಯುವುದು ಅವಳ ಜಾಯಮಾನವಲ್ಲ. ಕುರಿಮಂದೆಯ ಕಥೆಗೂ ಕುರುಬರ ಹಟ್ಟಿಯಲ್ಲಿ ಕೂತೆದ್ದು ಬಂದಿದ್ದಳು. ಗೌರಿ ಮುಂದಕ್ಕೆ ಹೋಗದಿದ್ದರೆ ಓದುವವರಿಲ್ಲ, ಮುಂದಕ್ಕೆ ಕಳಿಸಲು ತನಗೆ ದಾರಿ ಗೊತ್ತಿಲ್ಲ. ಹಾಗಾದರೆ ತನ್ನ ಬರವಣಿಗೆ ಇಲ್ಲಿಗೆ ಮುಗಿಯಿತೇ ಎಂದು ಅವಳಿಗೆ ಗಾಬರಿಯಾಯಿತು.

ಕೆಲವು ಮಧ್ಯಾಹ್ನ ಗೊರಕೆ ಒಂದೇ ಕೇಳಿಸಿತು, ಪೆನ್ನು ಆಡಲಿಲ್ಲ.

ಅಷ್ಟರಲ್ಲಿ ಮಗ್ಗದ ಹಾಸೂ ಮುಗಿಯಿತು. ಎಂಟನೆಯ ಸೀರೆ ಕತ್ತರಿಸಿದ ಮೇಲೆ ಹಳೆಯ ಎಳೆಗಳ ತುದಿಯನ್ನು ಮಗ್ಗದಲ್ಲಿ ಹಾಗೇ ಬಿಟ್ಟಿರುತ್ತಾರೆ. ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದಕ್ಕೆ ಹೊಸೆದು ಕೂಡಿಸಬೇಕು. ಗಂಡಹೆಂಡತಿ ಹಿಡಿತಕ್ಕೆ ಬೆರಳಿಗೆ ಬೂದಿ ಹಚ್ಚಿಕೊಂಡು ಎದುರುಬದುರು ಕೂತರು. ಭೀಮಣ್ಣ ಮಾತು ಕಡಿಮೆಯ ಮನುಷ್ಯ. ಅರ್ಧ ಹಾಸು ಕೂಡಿಸಿದ ಮೇಲೆ ಬಾಯಿಬಿಟ್ಟ.

"ಹಳೇ ಎಳಿ ಕಿತ್ತೊಗದು ಹೊಸಾ ಹಾಸು ಯಾರರ ಏರಿಸ್ತಾರೇನು?"

"ಯಾಕ ಕಿತ್ತೊಗೀತಾರ್ರೀ? ಮತ್ತ ಮೊದಲಿಂದ ಪೋಣಿಸಬೇಕಾಗ್ತೈತಿ."

"ನೀ ಎರಡು ಸಲ ಕಿತ್ತೊಗದಿ. ಗೌರಿ ಪರೀಕ್ಷಾ ಬರದು ಬಾಗಲದಾಗ ನಿಂತಾಳ. ಅಲ್ಲಿಂದ ಕೂಡಸು."

ವೀರಬಸಮ್ಮನ ಕೈಯಲ್ಲಿದ್ದ ಎಳೆ ಜಾರಿತು. "ನೀವ್ಯಾವಾಗ ಓದಿದ್ರಿ?"

"ನೀ ನೀರಿಗೆ ಹೋದಾಗ."

"ಮಧ್ಯಾಹ್ನ ಮಲ್ಕೋಳದು ಬಿಟ್ಟು ನಿಮಗ ಬ್ಯಾರೆ ಕೆಲಸ ಐತಿ ಅಂತ ನನಗ ಗೊತ್ತೇ ಇರಲಿಲ್ಲ."

ಭೀಮಣ್ಣ ತಲೆ ಎತ್ತದೆ ಮುಂದಿನ ಎಳೆ ಹೊಸೆದ. "ದಿನಾ ಮಧ್ಯಾಹ್ನ ಯಾರಿಗೆ ನಿದ್ದಿ ಬರ್ತೈತಿ? ನಾ ಎದ್ದು ಕುಂತ್ರ ನೀ ಬರಿಯಂಗಿಲ್ಲ. ಅದಕ್ಕ ಗೊರಕಿ ಹೊಡೀತೀನಿ."

ಇಷ್ಟು ವರ್ಷ ಸಂಸಾರ ಮಾಡಿ ಗಂಡನ ಸುಳ್ಳು ಗೊರಕೆ ಗುರುತಿಸಲಾರದೆ ಹೋದೆನಲ್ಲ ಎಂದು ವೀರಬಸಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಮೂಗು ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಬೂದಿ ಬಳಿದುಕೊಂಡಳು.

ಕಾವ್ಯಳ ಅಡ್ಮಿಷನ್ ದಿನ ದೊಡ್ಡಮ್ಮ ಬೆಳಗಿನ ಬಸ್ಸಿಗೇ ಮಕ್ತಲ್‌ಗೆ ಬಂದಿಳಿದಳು. ತಾನೇ ನೇಯ್ದ ಸೀರೆ ಉಟ್ಟಿದ್ದಳು. ಕಾಲೇಜಿನ ಗೇಟಿನಲ್ಲಿ ಕಾವಲಿನವನು ತೆಲುಗಿನಲ್ಲಿ, ಅಡ್ಮಿಷನ್ ಯಾರಿಗೆ ಎಂದು ಕೇಳಿದ.

"ಗೌರಿಕಿ" ಎಂದಳು ವೀರಬಸಮ್ಮ, ಅಷ್ಟೇ ಸಲೀಸಾಗಿ.

ಯಾವ ಗ್ರೂಪು, ಸೈನ್ಸೋ ಆರ್ಟ್ಸೋ ಎಂದ. ಇನ್ನೂ ವಿಚಾರ ಮಾಡುತ್ತಿದ್ದೇವೆ ಎಂದಳು. ಕಾವ್ಯ ಬಾಯಿಗೆ ಓಢಣಿ ಒತ್ತಿಕೊಂಡು ನಗುತ್ತಾ ದೊಡ್ಡಮ್ಮನ ಕೈ ಹಿಡಿದು ಒಳಗೆ ಕರೆದೊಯ್ದಳು.

ಒಳಗೆ ಕಂಡದ್ದು ಕಿರುಗುಡುವ ಫ್ಯಾನು, ಲ್ಯಾಬಿನ ಘಾಟು ವಾಸನೆ, ಯಾರೋ ಹೆಸರು ಕೆತ್ತಿದ ಬೆಂಚುಗಳು, ಕಾರಿಡಾರಿನಲ್ಲಿ ಒಂದೇ ಮಿರ್ಚಿಗೆ ಕಿತ್ತಾಡುವ ನಾಲ್ಕು ಹುಡುಗಿಯರು. ವೀರಬಸಮ್ಮ ಖಾಲಿ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂತಳು. ಇಷ್ಟಕ್ಕೇ ತಾನು ಹೆದರಿದ್ದು ಎನಿಸಿತು. ಇಷ್ಟನ್ನೇ ತನಗೆ ಕೊಡಲಿಲ್ಲವಲ್ಲ ಎಂದೂ ಎನಿಸಿ ಕಣ್ಣು ಮಂಜಾಯಿತು. ಕಾವ್ಯ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡ ದೊಡ್ಡಮ್ಮ, ಕಾಂಪೌಂಡು ಗೋಡೆ ಹಾರಿದರೆ ಬೀಳುವುದೆಲ್ಲಿ ಎಂದು ಕಿಟಕಿಯಿಂದ ಬಗ್ಗಿ ನೋಡತೊಡಗಿದಳು. ಗೌರಿಗೆ ಅದು ಬೇಕಾಗುತ್ತಿತ್ತು.

ಮರುದಿನ ಊಟವಾಯಿತು. ಭೀಮಣ್ಣ ಎಂದಿನಂತೆ ಟವೆಲ್ ಕೊಡವಿ ಹಾಸಿದ. ವೀರಬಸಮ್ಮ ನೂಲಿನ ಬುಟ್ಟಿ ಸರಿಸಿ ಕಾಲು ಚಾಚಿದಳು.

"ಇವತ್ತ ಗೊರಕಿ ಸ್ವಲ್ಪ ಜಾಸ್ತಿ ಹೊತ್ತು ಹೊಡೀರಿ," ಎಂದಳು. "ಗೌರಿಗೆ ಕಾಲೇಜು ತೋರಸೂದೈತಿ."